ಮುಖ ತೊಳೆಸಿ ಕಳಿಸಿದ ಹೆಲ್ಮೆಟ್‌ಗಳು

ನನ್ನ ಮೊಮ್ಮಗಳು ಚೈತ್ರಾಗೆ ಕೆಲಸ ಸಿಕ್ಕಿದೆ. ಎಲ್ಲರ ಮೊಮ್ಮಕ್ಕಳಿಗೂ ಕೆಲಸ ಸಿಗುತ್ತದೆ, ಇದರಲ್ಲೇನು ಹೆಚ್ಚುಗಾರಿಕೆ ಎಂದು ನೀವು ಕೇಳಬಹುದು. ಅವಳಿಗೆ ಸಿಕ್ಕಿರುವುದು ಹೆಲ್ಮೆಟ್ ಒಡೆದು ನೋಡುವ ಕೆಲಸ. ಬೊಮ್ಮಸಂದ್ರದ ಕಡೆ ಒಂದು ಕಾರ್ಖಾನೆ. ಅಲ್ಲಿನ ಪರೀಕ್ಷೆಯ ಕೋಣೆಯೇ ನಮ್ಮ ಕಾಲದ ಇಡೀ ಶೆಡ್ಡಿನಷ್ಟು ದೊಡ್ಡದಂತೆ. ಸುದ್ದಿ ಕೇಳಿದ ದಿನ ನಾನು ನಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಹೋಗಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿ ಬಂದೆ. ಮಹಡಿಯ ಬಾಡಿಗೆ ಹುಡುಗರು, "ಏನಜ್ಜಿ, ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?" ಎಂದರು. "ಅದೆಲ್ಲ ಇದರ ಮುಂದೆ ಯಾವ ಲೆಕ್ಕ ಹೋಗ್ರೋ" ಎಂದು ಅವರ ಬಾಯಿಗೂ ಒಂದೊಂದು ಚಿಟಿಕೆ ಹಾಕಿದೆ.

ಯಾಕೆ ಇಷ್ಟು ಸಂತೋಷ ಎಂದರೆ, ನಾನೂ ಹೆಲ್ಮೆಟ್ ಕಾರ್ಖಾನೆಯಲ್ಲೇ ಬಾಳು ಸವೆಸಿದವಳು. ನಮ್ಮದು ಪೀಣ್ಯದ ಪಕ್ಕದ ಚೊಕ್ಕಸಂದ್ರ. ನಾನು ಓದಿದ್ದು ನಾಲ್ಕನೇ ಕ್ಲಾಸು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವಳು, ಆ ಕಡೆ ಶೆಡ್ಡುಗಳು ಎದ್ದ ಮೇಲೆ ಒಂದರೊಳಗೆ ಹೋಗಿ ಕೂತೆ. ಕೂತವಳು ವಯಸ್ಸಾಗಿ ಬಿಡುವವರೆಗೂ ಅಲ್ಲೇ ಇದ್ದೆ. ಚೈತ್ರಾ ಮೊನ್ನೆ ಕಾಲು ಚಾಚಿ ಕೂತು, "ಅಜ್ಜಿ, ನಿಮ್ ಕಾಲದಲ್ಲಿ ಹೆಂಗೆ ಮಾಡ್ತಿದ್ರಿ, ನಿಜವಾಗಿ ಹೇಳಿ, ಬಣ್ಣ ಕಟ್ಬೇಡಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ, ಅವಳ ಜೊತೆ ಸೇರಿದ ಮಕ್ಕಳಿಗೆ.

ಎಲ್ಲಕ್ಕಿಂತ ಮುಖ್ಯವಾಗಿ ಒಂದು ವಿಷಯ ಹೇಳಬೇಕು. ನಮ್ಮ ಶೆಡ್ಡಿನಿಂದ ಒಂದು ವ್ಯಾನಿನಷ್ಟು ಕೆಟ್ಟ ಹೆಲ್ಮೆಟ್‌ಗಳು ಹೊರಗೆ ಹೋದವು. ಅವುಗಳಲ್ಲಿ ಒಂದು ಯಾರದೋ ತಲೆಯ ಮೇಲೆ ರಸ್ತೆಯಲ್ಲಿ ಓಡಾಡುತ್ತಿತ್ತು. ಅವನು ಬೀಳುವ ಮೊದಲು ನಾವು ಅವನನ್ನು ಹುಡುಕಬೇಕಿತ್ತು. ಅದು ಹೇಗಾಯಿತು ಎಂದು ತಿಳಿಯಬೇಕಾದರೆ ನಮ್ಮ ಕೆಲಸ ಹೇಗಿತ್ತು ಎಂದು ಮೊದಲು ತಿಳಿಯಬೇಕು.

ನಾನು ಸೇರಿದಾಗ ಹೆಲ್ಮೆಟ್ ಎಂದರೆ ಗಾಜಿನ ನಾರಿನದು. ಬಿಳಿ ಚಾಪೆಯಂಥ ನಾರನ್ನು ಕತ್ತರಿಸಿ, ಅಚ್ಚಿನೊಳಗೆ ಹಾಸಿ, ಮೇಲೆ ಅಂಟು ಸುರಿದು, ಬ್ರಷ್ಷಿನಿಂದ ಒತ್ತಿ, ಮತ್ತೆ ನಾರು, ಮತ್ತೆ ಅಂಟು. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿದರೆ ಚಿಪ್ಪು ಬರುತ್ತಿತ್ತು. ಅಲ್ಲಿಯವರೆಗೆ ಗಂಡಸರ ಕೆಲಸ. ಅಲ್ಲಿಂದ ಮುಂದೆ ನಮ್ಮದು, ಹೆಂಗಸರದು. ಅಂಚು ಉಜ್ಜುವುದು, ಉಪ್ಪುಕಾಗದ ಹಾಕಿ ನುಣುಪು ಮಾಡುವುದು, ಒಳಗೆ ಥರ್ಮಾಕೋಲಿನ ದಪ್ಪ ಪದರ ಕೂರಿಸುವುದು, ಪಟ್ಟಿಗೆ ರಿವಿಟ್ ಹೊಡೆಯುವುದು. ಉಜ್ಜಿದ ನಾರಿನ ಪುಡಿ ಕೈಗೆ, ಕುತ್ತಿಗೆಗೆ ಮೆತ್ತಿಕೊಂಡು ನವೆ ಎಂದರೆ ನವೆ. ಮನೆಗೆ ಹೋಗಿ ಎಳ್ಳೆಣ್ಣೆ ಹಚ್ಚಿಕೊಂಡರೂ ಹೋಗದು. ನನ್ನ ಮಗ ಚಿಕ್ಕವನಿದ್ದಾಗ, "ಅಮ್ಮ, ನೀನು ಮುಟ್ಟಬೇಡ, ಚುಚ್ತೀಯ" ಎನ್ನುತ್ತಿದ್ದ. ಈ ಮಾತನ್ನು ಚೈತ್ರಾಗೆ ಹೇಳಿದರೆ ಅವಳ ಕಣ್ಣು ತುಂಬಿತು. ನನಗೆ ಆಗ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಕೊನೆಯ ಕೆಲಸಕ್ಕೆ ನಾವು ಇಟ್ಟ ಹೆಸರು ಮುಖ ತೊಳೆಸುವುದು. ಬಣ್ಣ ಹೊಡೆದು, ಪಟ್ಟಿ ಹಾಕಿ, ಎಲ್ಲ ಮುಗಿದ ಮೇಲೆ ಹೆಲ್ಮೆಟ್ಟಿನ ಮೇಲೆ ಬೆರಳಿನ ಗುರುತು, ಅಂಟಿನ ಕಲೆ ಉಳಿದಿರುತ್ತಿತ್ತು. ಹಳೆಯ ಪಂಚೆಯ ತುಂಡನ್ನು ಬಣ್ಣ ತೆಳು ಮಾಡುವ ಥಿನ್ನರಿನಲ್ಲಿ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಒಂದೇ ಸುತ್ತಿಗೆ ಒರೆಸಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಗುವನ್ನು ಸ್ಕೂಲಿಗೆ ಕಳಿಸುವ ಮೊದಲು ಸೆರಗಿನಲ್ಲಿ ಮುಖ ಒರೆಸುತ್ತೇವಲ್ಲ, ಹಾಗೆ. ಮುಖ ತೊಳೆಸದೆ ನಮ್ಮ ಕೋಣೆಯಿಂದ ಒಂದು ಹೆಲ್ಮೆಟ್ಟೂ ಡಬ್ಬಕ್ಕೆ ಹೋಗುತ್ತಿರಲಿಲ್ಲ. ನಮ್ಮ ಮೇಸ್ತ್ರಿ ಗೋವಿಂದಣ್ಣ ಬೇರೆ ವಿಷಯಕ್ಕೆ ಕೂಗಾಡುತ್ತಿದ್ದರೂ ಇದರಲ್ಲಿ ಮಾತ್ರ, "ನಮ್ ಮಾಲು ಅಂಗಡೀಲಿ ದೂರದಿಂದ್ಲೇ ಗೊತ್ತಾಗ್ತದೆ ಕಣ್ರಮ್ಮ" ಎಂದು ಮೀಸೆ ತೀಡುತ್ತಿದ್ದರು.

ಪರೀಕ್ಷೆಯ ಯಜಮಾನಿಕೆ ಮೂರ್ತಿ ಸಾರ್ ಅವರದು. ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು, ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಮಾತು ಕಡಿಮೆ. ಶೆಡ್ಡಿನ ಹಿಂದೆ ಒಂದು ಎತ್ತರದ ಕಂಬ, ಕಂಬಕ್ಕೆ ರಾಟೆ, ರಾಟೆಯಲ್ಲಿ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಗುಂಡು. ಕೆಳಗೆ ಮರದ ತಲೆ. ಆ ತಲೆಗೆ ಹೆಲ್ಮೆಟ್ ತೊಡಿಸಿ ಗುಂಡು ಬಿಡುತ್ತಿದ್ದರು. ಏನೂ ಮಾಡದೆ ಕೂತು ದಿನಾ ಹೊಸ ಹೆಲ್ಮೆಟ್ ಹಾಕಿಸಿಕೊಳ್ಳುವವನು ಎಂದು ನನ್ನ ಪಕ್ಕ ಕೂರುತ್ತಿದ್ದ ಪುಟ್ಟಮ್ಮ ಅದಕ್ಕೆ ಅಳಿಯಂದ್ರು ಎಂದು ಹೆಸರಿಟ್ಟಿದ್ದಳು. "ಅಳಿಯಂದ್ರಿಗೆ ಇವತ್ತು ಯಾವ ಬಣ್ಣವಂತೆ?" ಎಂದು ಅವಳು ಕೇಳಿದರೆ ಮೂರ್ತಿ ಸಾರ್ ಕೂಡ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಸರ್ಕಾರದ ಮುದ್ರೆ ಒತ್ತುವ ಅಧಿಕಾರವೂ ಮೂರ್ತಿ ಸಾರ್ ಕೈಯಲ್ಲಿತ್ತು. ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಆ ಗುಂಪಿನ ಹೆಲ್ಮೆಟ್‌ಗಳಿಗೆಲ್ಲ ಮುದ್ರೆ. ಒಂದು ಸಲ ಅಂಗಡಿಗಳಿಂದ ದೂರು ಬಂತು, ಹೆಲ್ಮೆಟ್ ತುಂಬ ಬಿಗಿ, ತಲೆಗೆ ಇಳಿಯುವುದಿಲ್ಲ ಎಂದು. ಮಾಲು ಮಾರುವ ಏಜೆಂಟು ನಮ್ಮ ಕೋಣೆಗೇ ಬಂದು, "ಅಕ್ಕ, ಒಳಗಿನ ಥರ್ಮಾಕೋಲನ್ನ ಸ್ವಲ್ಪ ಕೆರೆದ್ಬಿಡಿ, ಲೂಸಾಗ್ತದೆ" ಎಂದ. ನಾವು ಚಾಕು ಹಿಡಿದು ಕೆರೆಯುತ್ತ ಕೂತೆವು. ಮೂರ್ತಿ ಸಾರ್ ಕಿಟಕಿಯಲ್ಲಿ ನೋಡಿದವರು ಒಳಗೆ ಬಂದು ಕೆರೆದ ಬಿಳಿ ಪುಡಿಯನ್ನು ಅಂಗೈಯಲ್ಲಿ ಎತ್ತಿಕೊಂಡರು.

"ಇದೇನಮ್ಮ ಇದು?"

"ಕಸ ಸಾ" ಎಂದಳು ಪುಟ್ಟಮ್ಮ.

"ಕಸ ಅಲ್ಲ. ಬಿದ್ದಾಗ ಚಿಪ್ಪು ರಸ್ತೆಗೆ ಬಡಿಯುತ್ತೆ, ತಲೆ ಇದಕ್ಕೆ ಬಡಿಯುತ್ತೆ. ಏಟು ಕುಡಿಯೋದೇ ಇದು. ನೀವು ಹಾಕ್ಕೊಳ್ಳೋನ ಪಾಲಿನ ಉಸಿರು ಕೆರೆದು ನೆಲಕ್ಕೆ ಹಾಕ್ತಿದ್ದೀರಿ."

ಅವರು ಗದರಿಸಲಿಲ್ಲ. ಪುಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೋದರು. ಅಷ್ಟೇ. ಕೆರೆದ ಹೆಲ್ಮೆಟ್‌ಗಳನ್ನೆಲ್ಲ ಅವರೇ ಒಡೆಸಿದರು. ಆಮೇಲೆ ದೊಡ್ಡ ತಲೆಗೆ ದೊಡ್ಡ ಅಚ್ಚು ಮಾಡಿಸಿದರು. ಮಕ್ಕಳೇ, ಹೆಲ್ಮೆಟ್ ಬಿಗಿಯಾಗಿರಬೇಕು. ಕೆನ್ನೆ ಹಿಂಡಬೇಕು. ಸಡಿಲ ಮಾಡಿಕೊಡಿ ಎಂದು ಯಾರೇ ಕೇಳಿದರೂ ದೊಡ್ಡದು ಕೊಡಿ, ಕೆರೆಯಬೇಡಿ.

ಹೀಗೆ ನಡೆಯುತ್ತಿದ್ದಾಗ ಎಂಬತ್ತರ ದಶಕ ಬಂತು, ಅದರ ಜೊತೆ ನಮ್ಮ ಶೆಡ್ಡಿಗೆ ಪ್ಲಾಸ್ಟಿಕ್ ಯಂತ್ರವೂ ಬಂತು. ಮೇಲಿನಿಂದ ಪ್ಲಾಸ್ಟಿಕ್ ಕಾಳು ಸುರಿದರೆ ಒಳಗೆ ಕರಗಿ, ಅಚ್ಚಿಗೆ ನುಗ್ಗಿ, ಬಾಯಿ ತೆರೆದಾಗ ಬಣ್ಣದ ಸಮೇತ ಚಿಪ್ಪು ಸಿದ್ಧ. ಉಜ್ಜುವುದಿಲ್ಲ, ಉಪ್ಪುಕಾಗದವಿಲ್ಲ, ನವೆಯಿಲ್ಲ. ಯಂತ್ರ ನಡೆಸಲು ಲೋಕೇಶ ಎಂಬ ಹುಡುಗ ಬಂದ. ಹುಡುಗ ಎಂದರೆ ಮದುವೆಯಾಗಿ ಒಂದು ಮಗುವಿತ್ತು. ನನ್ನನ್ನು ಅಕ್ಕ ಎನ್ನುತ್ತಿದ್ದ. ಮೊದಲ ಚಿಪ್ಪು ಹೊರಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಹೆಂಗಸರು ತಟ್ಟಲಿಲ್ಲ.

"ಇನ್ನು ನಮಗೇನು ಕೆಲ್ಸ ಐತೆ ರತ್ನಮ್ಮ?" ಎಂದಳು ಪುಟ್ಟಮ್ಮ. "ಆ ಮಿಷನ್ನು ಒಬ್ಬಳೇ ಹೆರ್ತಾಳೆ, ಒಬ್ಬಳೇ ಸಿಂಗಾರ ಮಾಡ್ತಾಳೆ."

ನಿಜವಾಗಿಯೂ ಭಯವಿತ್ತು. ಪಟ್ಟಿ ಹೊಡೆಯುವುದು, ಥರ್ಮಾಕೋಲ್ ಕೂರಿಸುವುದು, ಇಷ್ಟಕ್ಕೆ ಅಷ್ಟು ಜನ ಬೇಡ. ಗೋವಿಂದಣ್ಣ ನಮ್ಮ ಪರ ನಿಂತರು. "ಮುಖ ತೊಳೆಸೋದು ನಿಲ್ಲಿಸ್ಬೇಡಿ. ಆ ಹೊಳಪು ಮಿಷನ್ನಿಗೆ ಬರಲ್ಲ. ಅದ ನೋಡಿದ್ರೆ ಯಜಮಾನ್ರು ನಿಮ್ಮನ್ನ ಯಾಕೆ ತೆಗೀತಾರೆ?" ಎಂದರು. ನಾವು ಮೊದಲಿಗಿಂತ ಹೆಚ್ಚು ಮುತುವರ್ಜಿಯಿಂದ ಒರೆಸಿದೆವು. ಒಂದು ಸುತ್ತಿನ ಬದಲು ಎರಡು ಸುತ್ತು. ರಿವಿಟ್ಟಿನ ಸುತ್ತ ಕಲೆ ನಿಲ್ಲುತ್ತದೆಂದು ಅಲ್ಲಿ ಬಟ್ಟೆ ಒತ್ತಿ ಒತ್ತಿ ಒರೆಸಿದೆವು. ಹೊಸ ಪ್ಲಾಸ್ಟಿಕ್ಕು ಥಿನ್ನರ್ ಕುಡಿದು ಎಂಥ ಹೊಳಪು ಕೊಟ್ಟಿತೆಂದರೆ, ಪುಟ್ಟಮ್ಮ ಅದರಲ್ಲಿ ನೋಡಿಕೊಂಡೇ ಹಣೆಗೆ ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು.

ಮೂರ್ತಿ ಸಾರ್ ಪರೀಕ್ಷೆ ಮಾಡುತ್ತಲೇ ಇದ್ದರು. ಗುಂಡು ಬೀಳುತ್ತಿತ್ತು, ಹೆಲ್ಮೆಟ್ ಗೆಲ್ಲುತ್ತಿತ್ತು, ಮುದ್ರೆ ಬೀಳುತ್ತಿತ್ತು. ಇಲ್ಲೇ ನೋಡಿ ಯಾರಿಗೂ ಹೊಳೆಯದ ಸಂಗತಿ. ಪರೀಕ್ಷೆಗೆ ಹೋಗುವ ಹೆಲ್ಮೆಟ್‌ಗೆ ನಾವು ಮುಖ ತೊಳೆಸುತ್ತಿರಲಿಲ್ಲ. ಗಾಜಿನ ನಾರಿನ ಕಾಲದಿಂದಲೂ ಅದೇ ಪದ್ಧತಿ. ಒಡೆಯುವುದಕ್ಕೆ ಹೋಗುವ ಹೆಲ್ಮೆಟ್‌ಗೆ ಯಾಕೆ ಥಿನ್ನರ್ ದಂಡ, ಯಾಕೆ ಕೈ ನೋವು? ಪಟ್ಟಿ ಹೊಡೆದ ಕೂಡಲೇ ಅವರ ಪಾಲಿನದು ಹಿಂದಿನ ಬಾಗಿಲಿನಿಂದ ಕಂಬದ ಹತ್ತಿರ ಹೋಗುತ್ತಿತ್ತು. ಜನರ ಪಾಲಿನದು ಮುಖ ತೊಳೆಸಿಕೊಂಡು ಮುಂದಿನ ಬಾಗಿಲಿನಿಂದ ವ್ಯಾನಿಗೆ ಹೋಗುತ್ತಿತ್ತು.

ಹೊಸ ಮಾಲಿನ ಮೊದಲ ವ್ಯಾನು ಹೋಗಿ ಕೆಲವು ದಿನವಾಗಿತ್ತು. ಎರಡನೆಯದಕ್ಕೆ ತುಂಬುತ್ತಿದ್ದರು. ಒಂದು ಡಬ್ಬ ಜಾರಿ, ಬಾಯಿ ಬಿಚ್ಚಿ, ಹೆಲ್ಮೆಟ್ ಸಿಮೆಂಟು ನೆಲಕ್ಕೆ ಬಿತ್ತು. ಮೊಣಕಾಲೆತ್ತರದಿಂದ ಬಿದ್ದಿದ್ದು. ತೆಂಗಿನ ಚಿಪ್ಪಿನ ಹಾಗೆ ಎರಡು ಹೋಳಾಯಿತು.

ವ್ಯಾನಿಗೆ ತುಂಬುತ್ತಿದ್ದವನೊಬ್ಬ ಕಾರ್ಖಾನೆಯ ಯಜಮಾನರನ್ನು ಕರೆಯಲು ಓಡಿದ.

ಯಜಮಾನರು ಬಂದು ಎರಡು ಹೋಳನ್ನೂ ಎತ್ತಿ ನೋಡಿ ನೆಟ್ಟಗೆ ಲೋಕೇಶನ ಹತ್ತಿರ ಹೋದರು. "ಬಿಸಿ ಸರಿಯಾಗಿ ಇಟ್ಟಿಲ್ಲ ನೀನು. ಅರ್ಧ ಬೆಂದ ಚಿಪ್ಪು ತೆಗೆದಿದ್ದೀಯ."

"ಇಲ್ಲ ಸಾರ್. ಮೂರ್ತಿ ಸಾರ್ ಹೇಳಿದಷ್ಟೇ ಇಟ್ಟಿದ್ದೀನಿ. ಬಿಸಿ ತೋರಿಸೋ ಮುಳ್ಳು ನೋಡಿ ಬೇಕಾದ್ರೆ."

"ಮುಳ್ಳು ನನಗೆ ತೋರಿಸ್ಬೇಡ. ನಾಳೆಯಿಂದ ಬರ್ಬೇಡ ನೀನು."

ಲೋಕೇಶ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತುಬಿಟ್ಟ. ಮನೆಗೂ ಹೋಗಲಿಲ್ಲ.

ಮೂರ್ತಿ ಸಾರ್ ಯಾರನ್ನೂ ಬೈಯಲಿಲ್ಲ. ಯಂತ್ರದ ಬಾಯಿಂದ ತೆಗೆದ ಚಿಪ್ಪಿಗೆ ಪಟ್ಟಿ ಹೊಡೆಸಿ ಗುಂಡು ಬಿಟ್ಟರು. ಗೆದ್ದಿತು. ಡಬ್ಬದಿಂದ ಒಂದು ತೆಗೆದು ಗುಂಡು ಬಿಟ್ಟರು. ಒಡೆಯಿತು. ಮತ್ತೆ ಅಲ್ಲಿಂದೊಂದು, ಇಲ್ಲಿಂದೊಂದು. ಅದೇ ಫಲ. ಆಮೇಲೆ ನಮ್ಮ ಕೋಣೆಗೆ ಬಂದು ಒಂದು ಸ್ಟೂಲು ಎಳೆದುಕೊಂಡು ಕೂತರು.

"ಪಟ್ಟಿ ಹೊಡೆದ ಮೇಲೆ ಡಬ್ಬಕ್ಕೆ ಹೋಗೋ ತನಕ ಏನೇನು ಮಾಡ್ತೀರೋ ಎಲ್ಲ ಮಾಡಿ ತೋರಿಸಿ ರತ್ನಮ್ಮ. ಏನೂ ಬಿಡಬೇಡಿ."

ನಾನು ಬಟ್ಟೆ ಅದ್ದಿದೆ, ಹಿಂಡಿದೆ, ಒರೆಸಿದೆ. ಅವರು ಕೈಚಾಚಿ ಬಟ್ಟೆ ಇಸಕೊಂಡು ಮೂಸಿದರು.

"ಥಿನ್ನರ್."

"ಹೂಂ ಸಾ. ಮುಖ ತೊಳಿಸ್ತೀವಿ."

"ಯಾವಾಗಿಂದ?"

"ಮೊದ್ಲಿಂದ್ಲೂ ಅಂಗೇ ಸಾ. ನಾರಿನ ಕಾಲದಿಂದ್ಲೂ."

ಅವರು ಆ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ರಿವಿಟ್ಟಿನ ಸುತ್ತ ಬೆರಳಾಡಿಸಿದರು. ಆಮೇಲೆ ನಮಗೆ ತಿಳಿಯುವ ಹಾಗೆ ಹೇಳಿದರು: ನಾರಿನ ಚಿಪ್ಪಿನ ಮೇಲೆ ಬಣ್ಣದ ಪದರ ಇರುತ್ತಿತ್ತು, ಥಿನ್ನರ್ ಒಂದು ಗಳಿಗೆ ಮೇಲೆ ಆಡಿ ಆರಿಹೋಗುತ್ತಿತ್ತು. ಈ ಪ್ಲಾಸ್ಟಿಕ್ಕಿಗೆ ಬಣ್ಣದ ಹೊದಿಕೆಯಿಲ್ಲ, ಥಿನ್ನರ್ ಅದರ ಮೈಯೊಳಗೇ ಇಳಿಯುತ್ತದೆ, ಕಟ್ಟು ಬಿಡಿಸುತ್ತದೆ. ರಿವಿಟ್ ಹೊಡೆದು ಬಿಗಿಯಾದ ಜಾಗದಲ್ಲಿ ಮೊದಲು ಬಿಡುತ್ತದೆ. ಡಬ್ಬದಲ್ಲಿದ್ದ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ರಿವಿಟ್ಟಿನ ಸುತ್ತ ಕೂದಲೆಳೆಗಿಂತ ಸಣ್ಣ ಗೆರೆಗಳು, ಸೂರ್ಯನ ಚಿತ್ರಕ್ಕೆ ಮಕ್ಕಳು ಕಿರಣ ಬರೆಯುತ್ತಾರಲ್ಲ, ಹಾಗೆ. ಎರಡು ಅಂಗೈಯಲ್ಲಿ ಒತ್ತಿದರು. ಟಿಕ್, ಟಿಕ್ ಎಂದಿತು. ಆ ಸದ್ದು ಕೇಳಿ ಪುಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ನಾವೇ ಸಾಯ್ಸೋಕೆ ಕೂತಿದ್ವಾ ಸಾ?" ಎಂದಳು.

"ನೀವಲ್ಲಮ್ಮ. ಪರೀಕ್ಷೆ ಮಾಡೋನು ನಾನು. ಜನ ಹಾಕ್ಕೊಳ್ಳೋದನ್ನ ಒಡೆದು ನೋಡದೆ, ಇನ್ಯಾವುದನ್ನೋ ಒಡೆದು ನೋಡಿ ಮುದ್ರೆ ಒತ್ತಿದ್ದೀನಿ. ಈ ರೂಮಿಗೆ ಒಂದು ದಿನ ಬಂದು ಕೂತಿದ್ರೆ ಸಾಕಾಗಿತ್ತು."

ಚೈತ್ರಾ, ಈ ಸಾಲನ್ನು ನಿನಗಾಗಿ ಬರೆಯುತ್ತಿದ್ದೇನೆ. ಒಡೆಯುವುದಕ್ಕೆಂದು ಬೇರೆ ಹೆಲ್ಮೆಟ್ ತರಿಸಿಕೊಳ್ಳಬೇಡ. ಡಬ್ಬ ಮುಚ್ಚಿ, ಅಂಗಡಿಗೆ ಹೊರಟು ನಿಂತದ್ದನ್ನೇ ಬಿಚ್ಚಿಸು. ಮೂರ್ತಿ ಸಾರ್ ಅಂದಿನಿಂದ ಹಾಗೇ ಮಾಡಿದರು. ವ್ಯಾನಿನೊಳಗಿಂದ ತಾವೇ ಕೈಹಾಕಿ ಎಳೆಯುತ್ತಿದ್ದರು. ನಮ್ಮ ಥಿನ್ನರ್ ಡಬ್ಬ ಹೊರಗೆ ಹೋಯಿತು. ಕೆಲಸ ಹೋಯಿತೆಂದು ನಾವು ಬುತ್ತಿ ಚೀಲ ಕಟ್ಟಿಕೊಂಡರೆ, ಪ್ರತಿ ಹೆಲ್ಮೆಟ್ಟನ್ನೂ ಬೆಳಕಿಗೆ ಹಿಡಿದು ಗೆರೆ ಹುಡುಕುವ ಕೆಲಸಕ್ಕೆ ಅದೇ ಮೇಜಿನಲ್ಲಿ ನಮ್ಮನ್ನೇ ಕೂರಿಸಿದರು. ಪುಟ್ಟಮ್ಮ ಮಾತ್ರ ಬಹಳ ದಿನ ಬರಿಗೈಯನ್ನು ಹೆಲ್ಮೆಟ್ಟಿನ ಮೇಲೆ ಸುತ್ತಿಸುತ್ತಲೇ ಇದ್ದಳು, ಅಭ್ಯಾಸ.

ಆದರೆ ಅದೆಲ್ಲ ಆಮೇಲಿನದು. ಅವತ್ತು ಯಜಮಾನರ ಮುಂದೆ ಇದ್ದ ಪ್ರಶ್ನೆ ಒಂದೇ. ಹೋದ ವ್ಯಾನಿನ ಗತಿ?

ಯಜಮಾನರು ಕೆಟ್ಟವರಲ್ಲ. ಹೊಸ ಯಂತ್ರ ತಂದು ಕೊರಳವರೆಗೆ ಮುಳುಗಿದ್ದವರು. "ಮೂರ್ತಿ, ಇನ್ನುಮುಂದೆ ಸರಿ ಮಾಡೋಣ. ಹೋದದ್ದು ಹೋಯ್ತು. ಒಂದು ಸಲ ಮಾಲು ವಾಪಸ್ ಕರೆದ್ರೆ ಅಂಗಡಿಯೋರು ಯಾರೂ ನಮ್ಮ ಡಬ್ಬ ಮುಟ್ಟಲ್ಲ. ಹಾಕ್ಕೊಂಡೋರೆಲ್ಲ ಬಿದ್ದೇಬೀಳ್ತಾರೇನ್ರಿ?" ಎಂದರು. ನಮ್ಮ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ್ದು, ನಾವೆಲ್ಲ ಕೇಳಿಸಿಕೊಂಡೆವು.

"ಬೀಳ್ತೀನಿ ಅಂತಾನೇ ಅವರು ತಗೊಂಡಿರೋದು ಸಾರ್" ಎಂದರು ಮೂರ್ತಿ ಸಾರ್.

ಯಜಮಾನರು ಗೋಡೆಗೆ ಒರಗಿದ್ದ ಲೋಕೇಶನ ಕಡೆ ನೋಡಿ, "ಏಳಪ್ಪಾ, ನಂದು ಬಾಯಿ ಜಾಸ್ತಿಯಾಯ್ತು" ಎಂದರು. "ವ್ಯಾನ್ ತೆಗೆಸು. ಎಲ್ಲಿಗೆ ಹೋಗಿದೆಯೋ ಅಲ್ಲಿಂದೆಲ್ಲ ಎತ್ಕೊಂಡು ಬನ್ನಿ. ನಂದೇ ಹೆಸರು ಹೇಳಿ."

ಒರೆಸಿದ್ದು ಯಾವುದೆಂದು ಗುರುತು ಹಿಡಿಯಲು ನಾನು, ಹೊರಲು ಲೋಕೇಶ. ಮಾಲು ಹೋಗಿದ್ದುದು ಜೆ.ಸಿ. ರಸ್ತೆಯ ಒಂದೇ ಸಾಲಿನ ಅಂಗಡಿಗಳಿಗೆ. ಒಬ್ಬ ಅಂಗಡಿಯವರು ನಕ್ಕರು, ಇನ್ನೊಬ್ಬರು ಬೈದರು. ಎಲ್ಲರೂ ಕೊಟ್ಟರು. ಹೊಸ ಮಾಲು ಇನ್ನೂ ಕಪಾಟಿನಲ್ಲೇ ಇತ್ತು, ಆಗೆಲ್ಲ ಹೆಲ್ಮೆಟ್ ಕೊಳ್ಳುವವರು ಎಷ್ಟು ಜನ! ಕೊನೆಯ ಅಂಗಡಿಯಲ್ಲಿ ಎಲ್ಲವನ್ನೂ ವ್ಯಾನಿಗೆ ಹಾಕಿದ ಮೇಲೆ ಅಲ್ಲಿನ ಮುದುಕರು, "ಒಂದು ಮಾತ್ರ ಹೋಗಿದೆಯಮ್ಮ" ಎಂದರು. "ಆಕಾಶದ ನೀಲಿ. ಗಂಡ ಹೆಂಡತಿ ಬಂದಿದ್ರು. ಆ ಯಮ್ಮನೇ ಬೇಕು ಅಂತ ಹಠ ಹಿಡಿದು ಕೊಡಿಸಿದ್ದು."

"ಎಲ್ಲಿಯವ್ರು ಸಾರ್?" ಎಂದ ಲೋಕೇಶ.

"ಹೆಸರು ಗೊತ್ತಿಲ್ಲ. ಜಾಲಹಳ್ಳಿ ಕಡೆ ಸರ್ಕಾರಿ ಫ್ಯಾಕ್ಟ್ರಿ ಯೂನಿಫಾರಂ ಹಾಕಿದ್ರು. ಸ್ಕೂಟರ್ ಇತ್ತು."

ವ್ಯಾನಿನಲ್ಲಿ ವಾಪಸು ಬರುವಾಗ ಲೋಕೇಶ ಒಂದೇ ಮಾತು ಆಡಿದ. "ಅಕ್ಕ, ಈಗ ಅವನು ಎಲ್ಲಿ ಓಡಿಸ್ತಿದ್ದಾನೋ." ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಲಾರಿಗಳು, ಬಸ್ಸುಗಳು, ಅವುಗಳ ನಡುವೆ ನುಸುಳುವ ಸ್ಕೂಟರುಗಳು. ತುಮಕೂರು ರಸ್ತೆ ನನಗೆ ಅಷ್ಟು ಗಟ್ಟಿಯಾಗಿ ಹಿಂದೆಂದೂ ಕಂಡಿರಲಿಲ್ಲ.

ಮಾರನೆಯ ದಿನದಿಂದ ನಾವಿಬ್ಬರೂ ಆ ಕಾರ್ಖಾನೆಯ ಗೇಟಿನ ಮುಂದೆ ನಿಂತೆವು. ಶಿಫ್ಟು ಬಿಡುವ ಹೊತ್ತಿಗೆ ಸೈರನ್ ಕೂಗಿದರೆ ಸೈಕಲ್ಲು, ಸ್ಕೂಟರು, ಮೋಟಾರ್ ಸೈಕಲ್ಲು, ನಡೆದು ಬರುವ ಜನ, ಎಲ್ಲ ಒಟ್ಟಿಗೆ ಹೊಳೆಯ ಹಾಗೆ ಹೊರಗೆ ಬರುತ್ತಿತ್ತು. ತಲೆಗಳು, ಬರೀ ತಲೆಗಳು. ಎಣ್ಣೆ ಹಾಕಿ ಬಾಚಿದ ತಲೆ, ಬೋಳು ತಲೆ, ಕರ್ಚೀಫು ಕಟ್ಟಿದ ತಲೆ. ಹೆಲ್ಮೆಟ್ ಹಾಕಿದವರು ಅಲ್ಲೊಬ್ಬ ಇಲ್ಲೊಬ್ಬ, ಅದೂ ಕಪ್ಪು, ಬಿಳಿ. ಲೋಕೇಶನ ಕಂಕುಳಲ್ಲಿ ಮುಖ ತೊಳೆಸದ ಹೊಸ ನೀಲಿ ಹೆಲ್ಮೆಟ್. ಗೇಟಿನ ಕಾವಲುಗಾರ, "ಯಾರಮ್ಮ ಬೇಕು?" ಎಂದ. "ಹೆಸ್ರು ಗೊತ್ತಿಲ್ಲಣ್ಣ, ನೀಲಿ ಹೆಲ್ಮೆಟ್ಟು" ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಗೇಟಿನ ಕಡೆ ತಿರುಗಿದ.

ಮೊದಲ ಸಂಜೆ ಕಾಣಲಿಲ್ಲ. ಎರಡನೆಯ ಸಂಜೆಯೂ ಇಲ್ಲ. ಬಿದ್ದಿದ್ದಾನೆ ಎಂದೇ ನನ್ನ ಮನಸ್ಸಿಗೆ ಬಂದುಬಿಟ್ಟಿತು. ಲೋಕೇಶನಿಗೆ ಹೇಳಲಿಲ್ಲ, ಅವನ ಮುಖ ನೋಡಿದರೆ ಅವನೂ ಅದನ್ನೇ ನನಗೆ ಹೇಳದೆ ನುಂಗುತ್ತಿದ್ದ. ಆಮೇಲೆ ತಿಳಿಯಿತು, ಆ ವಾರ ನೀಲಿ ಹೆಲ್ಮೆಟ್ಟಿನವನದು ಬೆಳಗಿನ ಶಿಫ್ಟು, ಮಧ್ಯಾಹ್ನವೇ ಹೋಗುತ್ತಿದ್ದ. ಕಾವಲುಗಾರನೇ ಕರುಣೆಯಿಂದ, "ಮಧ್ಯಾಹ್ನ ಬನ್ನಿ, ಒಂದು ನೀಲಿ ಹೋಗ್ತದೆ" ಎಂದ.

ಹೋದೆವು. ಬಿಸಿಲಿನಲ್ಲಿ ಅಷ್ಟು ದೂರದಿಂದಲೇ ಕಂಡಿತು. ಯಾರು ಒರೆಸಿದ್ದೋ, ನಾನೋ ಪುಟ್ಟಮ್ಮನೋ, ಸೂರ್ಯನ ಚೂರನ್ನು ತಲೆಯ ಮೇಲೆ ಇಟ್ಟುಕೊಂಡ ಹಾಗೆ ಹೊಳೆಯುತ್ತಿತ್ತು. ಲೋಕೇಶ ಓಡಿಹೋಗಿ ಸ್ಕೂಟರಿನ ಮುಂದೆ ಕೈ ಅಡ್ಡ ಹಿಡಿದ. ಸ್ಕೂಟರಿನವನು ಬ್ರೇಕು ಒತ್ತಿ, "ಏಯ್, ಸಾಯ್ತೀಯೇನೋ!" ಎಂದು ಕೂಗಿದ. ಮೀಸೆ ಇನ್ನೂ ಸರಿಯಾಗಿ ಬಲಿಯದ ವಯಸ್ಸು. ಜೊತೆಯಲ್ಲಿ ಮನೆಗೆ ಹೋಗಲೆಂದು ಗೇಟಿನ ಹತ್ತಿರ ಕಾಯುತ್ತಿದ್ದ ಅವನ ಹೆಂಡತಿಯೂ ಓಡಿ ಬಂದಳು.

ಲೋಕೇಶ ಒಂದೇ ಉಸಿರಿಗೆ ಎಲ್ಲ ಹೇಳಿದ. ಅವನು ಕೇಳಿಸಿಕೊಂಡು ನಕ್ಕ.

"ಯಾರ್ ಗುರು ನೀನು? ಕಂಪನಿಯೋರೇ ಬಂದು ನಮ್ ಮಾಲು ಸರಿಯಿಲ್ಲ ಅಂತಾರಾ?" ನಮ್ಮ ಕೈಯಲ್ಲಿದ್ದುದನ್ನು ನೋಡಿದ. "ಓಹೋ. ಈ ಮಂಕು ಹಿಡಿದಿರೋ ಹಳೇದನ್ನ ಕೊಟ್ಟು, ನಂದು ಫಳಫಳ ಅನ್ನೋದನ್ನ ಹೊಡ್ಕೊಂಡು ಹೋಗೋಕೆ ಬಂದಿದ್ದೀರಾ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಇದೇ ಹೊಸದು ಅಣ್ಣ" ಎಂದ ಲೋಕೇಶ.

"ಕಣ್ಣು ಕಾಣಲ್ವಾ ನಂಗೆ?"

ಸ್ಕೂಟರ್ ಕಿಕ್ ಹೊಡೆಯಲು ಕಾಲೆತ್ತಿದ. ನಾನು ಹ್ಯಾಂಡಲ್ ಹಿಡಿದುಕೊಂಡೆ.

"ಕೊಡಬೇಡಪ್ಪ. ನಿನ್ ಕೈಯಲ್ಲೇ ಇರ್ಲಿ. ಬಿಚ್ಚಿ, ಎರಡು ಕೈಯಾಗೂ ಅಂಗೇ ಒಂದು ಸಲ ಒತ್ತು. ಕಿವಿ ಹತ್ರ ಇಟ್ಕೊಂಡು ಒತ್ತು. ಏನೂ ಕೇಳಿಸ್ನಿಲ್ಲ ಅಂದ್ರೆ ನಾವು ಹೊಂಟೋಯ್ತೀವಿ."

ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟನೋ, ನಮ್ಮನ್ನು ಸಾಗಹಾಕಲು ಒಪ್ಪಿದನೋ. ಪಟ್ಟಿ ಬಿಚ್ಚಿ, ತೆಗೆದು, ಕಿವಿಯ ಹತ್ತಿರ ಹಿಡಿದು ಒತ್ತಿದ.

ಅವನ ಮುಖ ಬದಲಾದದ್ದನ್ನು ನಾನು ನೋಡಿದೆ. ಮತ್ತೊಮ್ಮೆ ಒತ್ತಿದ. ಬೆರಳಿಗೆ ಅಷ್ಟೇನೂ ಬಲ ಹಾಕಿರಲಿಲ್ಲ. ರಿವಿಟ್ಟಿನಿಂದ ಅಂಚಿನವರೆಗೆ ಒಂದು ಗೆರೆ ನಮ್ಮೆಲ್ಲರ ಕಣ್ಣ ಮುಂದೆಯೇ ಸೀಳಿಕೊಂಡು ಹೋಯಿತು.

ಹೆಂಡತಿ ಅದನ್ನು ಅವನ ಕೈಯಿಂದ ಕಿತ್ತು ನನ್ನ ಕೈಗೆ ಕೊಟ್ಟಳು. ಲೋಕೇಶನಿಂದ ಮಂಕು ಹೆಲ್ಮೆಟ್ ಇಸಕೊಂಡು, ಗಂಡನ ತಲೆಗೆ ತಾನೇ ಇಳಿಸಿ, ಗದ್ದದ ಕೆಳಗೆ ಪಟ್ಟಿ ಹಾಕಿದಳು. ಕೊಕ್ಕೆ ಸಿಕ್ಕಿದ್ದು ಎರಡನೆಯ ಸಲಕ್ಕೆ. "ಬಿಗಿಯಾಯ್ತು ಕಣೇ" ಎಂದ ಅವನು, ಮೆಲ್ಲಗೆ. "ಬಿಗಿಯಾಗೇ ಇರ್ಲಿ" ಎಂದಳು.

ಅವರು ಹೋದರು. ತಿರುವಿನಲ್ಲಿ ನೀಲಿ ಬಣ್ಣ ಜನರ ನಡುವೆ ಕಾಣದಾಯಿತು, ಹೊಳೆಯುತ್ತಿರಲಿಲ್ಲವಲ್ಲ. ಲೋಕೇಶ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ನಾನು ಒಡೆದ ಹೆಲ್ಮೆಟ್ಟನ್ನು ಎತ್ತಿಕೊಂಡು ಬಸ್ ಸ್ಟಾಪಿಗೆ ಅವನನ್ನು ಕರೆದುಕೊಂಡು ಬಂದೆ.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತು, ಜಾರದಿರಲೆಂದು ಒಳಗೆ ಕೈ ಹಾಕಿ ಹಿಡಿದೆ. ಹಾಕಿದ ಕೈಯನ್ನು ತಕ್ಷಣ ಹಿಂದಕ್ಕೆ ಎಳೆದುಕೊಂಡೆ. ಅಷ್ಟು ವರ್ಷ ಎಷ್ಟು ಹೆಲ್ಮೆಟ್ ಕೈಯಲ್ಲಿ ಹಾದುಹೋಗಿದ್ದವೋ, ಎಲ್ಲ ಇನ್ನೂ ಯಾರ ತಲೆಗೂ ಏರದವು, ತಣ್ಣಗಿನವು. ಇದರೊಳಗೆ ಬೆವರಿನ ಒದ್ದೆಯಿತ್ತು, ತಲೆಗೆ ಹಾಕಿದ ಕೊಬ್ಬರಿ ಎಣ್ಣೆಯ ವಾಸನೆಯಿತ್ತು, ಆಗಷ್ಟೇ ಎದ್ದು ಹೋದ ಮಗುವಿನ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಮತ್ತೆ ಕೈ ಒಳಗಿಟ್ಟೆ. ಪೀಣ್ಯ ಬರುವವರೆಗೂ ತೆಗೆಯಲಿಲ್ಲ.